ಬಿಸಿಲ ಹಾದಿಯಲ್ಲಿ ಬಿಡುವಿನ ದಿನ

ಸೈಕಲ್ ಪ್ರವಾಸಿಗರ ಪ್ರಶ್ನೆಗಳಿಗೆ ಉತ್ತರಿಸುವ ಈ ಅಂಕಣಕ್ಕೆ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ: ಪರದೇಶದ ಬೇಸಿಗೆಯಲ್ಲಿ ಹಲವು ವಾರ ಸೈಕಲ್ ತುಳಿಯುವವರು ನಡುನಡುವೆ ತೆಗೆದುಕೊಳ್ಳುವ ಬಿಡುವಿನ ದಿನ. ಆದ್ದರಿಂದ ಉಳಿದ ಪತ್ರಗಳನ್ನು ಮುಂದಿನ ಸಂಚಿಕೆಗೆ ಇರಿಸಿಕೊಂಡು ಇವನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಾನು ಮತ್ತು ನನ್ನ ಗೆಳೆಯ ಬೇಸಿಗೆಯಲ್ಲಿ ಹೊರದೇಶವೊಂದರ ಬಯಲು ಪ್ರದೇಶದಲ್ಲಿ ಐದು ವಾರಗಳ ಸೈಕಲ್ ಪ್ರವಾಸಕ್ಕೆ ಸಿದ್ಧರಾಗುತ್ತಿದ್ದೇವೆ. ದಿನಕ್ಕೆ ಎಪ್ಪತ್ತು ಎಂಬತ್ತು ಕಿಲೋಮೀಟರ್ ಸಾಗುವ ಯೋಜನೆ. ಮಧ್ಯಾಹ್ನದ ಉಷ್ಣತೆ 38 ಡಿಗ್ರಿ ದಾಟುತ್ತದೆಯಂತೆ. ಆರು ದಿನ ತುಳಿದು ಏಳನೆಯ ದಿನ ಬಿಡುವು ಮಾಡಿಕೊಳ್ಳೋಣ ಎಂದು ನಾನು ಹೇಳುತ್ತೇನೆ. ನಸುಕಿನಲ್ಲೇ ಹೊರಟು ಹನ್ನೊಂದು ಗಂಟೆಯೊಳಗೆ ನಿಲ್ಲಿಸಿಬಿಟ್ಟರೆ ಬಿಡುವಿನ ದಿನವೇ ಬೇಕಾಗಿಲ್ಲ ಎಂಬುದು ಅವನ ವಾದ. ಯಾರ ಲೆಕ್ಕ ಸರಿ?

ಉತ್ತರ: ನಸುಕಿನಲ್ಲಿ ಹೊರಡುವ ನಿಮ್ಮ ಗೆಳೆಯರ ಆಲೋಚನೆ ಒಳ್ಳೆಯದೇ, ಅಂಥ ಹವೆಯಲ್ಲಿ ಅದಿಲ್ಲದೆ ನಡೆಯುವುದೂ ಇಲ್ಲ. ಅದರಿಂದ ಬಿಡುವಿನ ಅಗತ್ಯ ಸ್ವಲ್ಪ ಕಡಿಮೆಯಾದೀತೇ ಹೊರತು ಇಲ್ಲವಾಗದು. ಸೈಕಲ್ ತುಳಿಯುವ ಸ್ನಾಯುಗಳು ತಾವು ಬಳಸುವ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲು ಭಾಗವನ್ನು ಪೆಡಲಿಗೆ ಮುಟ್ಟಿಸುತ್ತವೆ; ಉಳಿದದ್ದೆಲ್ಲ ಮೈಯೊಳಗೆ ಶಾಖವಾಗುತ್ತದೆ. ಸಾಮಾನು ಹೇರಿದ ಸೈಕಲನ್ನು ಸಮತಟ್ಟಾದ ರಸ್ತೆಯಲ್ಲಿ ಆತುರವಿಲ್ಲದೆ ಓಡಿಸಲು ಪೆಡಲಿನ ಮೇಲೆ 100 ವಾಟ್ ಶಕ್ತಿ ಬೇಕು ಎಂದಿಟ್ಟುಕೊಂಡರೆ, ಅದೇ ಹೊತ್ತಿನಲ್ಲಿ 300 ವಾಟ್‌ಗಿಂತ ಹೆಚ್ಚಿನ ಶಾಖ ಮೈಯಲ್ಲಿ ಹುಟ್ಟುತ್ತಿರುತ್ತದೆ. ಬಿಸಿಲಿಗೆ ಒಡ್ಡಿದ ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಹೊರಗಿನ ಗಾಳಿ ಅದಕ್ಕಿಂತ ಬಿಸಿಯಾದ ಮೇಲೆ, ಈ ಶಾಖ ಮೈಯಿಂದ ಹೊರಬೀಳಲು ಬೆವರು ಆರುವುದೊಂದೇ ದಾರಿ. ಒಂದು ಲೀಟರ್ ಬೆವರು ಪೂರ್ತಿಯಾಗಿ ಆರಿದರೆ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಒಯ್ಯುತ್ತದೆ, ಆದರೆ ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಏನೂ ಪ್ರಯೋಜನವಿಲ್ಲ. ಹೀಗಾಗಿ ಬಿಸಿಲಿನಲ್ಲಿ ತುಳಿಯುವವರು ಗಂಟೆಗೆ ಒಂದು ಲೀಟರ್ ಬೆವರುವುದು ಸಾಮಾನ್ಯ, ಒಂದೂವರೆಯೂ ಅಪರೂಪವಲ್ಲ. ಇಷ್ಟರ ನಡುವೆ ಹೃದಯವು ಸ್ನಾಯುಗಳಿಗೆ ಮಾತ್ರವಲ್ಲದೆ ತಂಪಾಗಬೇಕಾದ ಚರ್ಮಕ್ಕೂ ರಕ್ತ ಒದಗಿಸಬೇಕು. ಅದೇ ವೇಗಕ್ಕೆ ತಂಪು ಹವೆಯಲ್ಲಿ ಆಗುವುದಕ್ಕಿಂತ ನಾಡಿ ಜೋರಾಗಿ ಬಡಿಯುವುದು ಇದರಿಂದಲೇ.

ಒಂದು ದಿನದ ಮಟ್ಟಿಗೆ ಇದೆಲ್ಲವನ್ನೂ ಆರೋಗ್ಯವಂತ ಮೈ ತಡೆದುಕೊಳ್ಳುತ್ತದೆ. ತೊಂದರೆ ಇರುವುದು ಮರುದಿನ ಬೆಳಗ್ಗೆ ಉಳಿದ ಬಾಕಿಯಲ್ಲಿ. ಕಳೆದುಕೊಂಡ ನೀರು ಮತ್ತು ಉಪ್ಪು ಪೂರ್ತಿ ತುಂಬಿರುವುದಿಲ್ಲ. ಸ್ನಾಯುಗಳಲ್ಲಿ ಗ್ಲೈಕೋಜನ್ ರೂಪದಲ್ಲಿರುವ ಸಕ್ಕರೆಯ ದಾಸ್ತಾನು ಬರಿದಾಗಿದ್ದರೆ, ಚೆನ್ನಾಗಿ ಉಂಡರೂ ಅದು ಮತ್ತೆ ತುಂಬಲು ಸುಮಾರು ಒಂದು ದಿನ ಹಿಡಿಯುತ್ತದೆ. ಇವೆಲ್ಲಕ್ಕಿಂತ ದೊಡ್ಡ ಬಾಕಿ ನಿದ್ದೆಯದು. ನಿದ್ದೆ ಹತ್ತಲು ಮೈಯ ಒಳಗಿನ ಉಷ್ಣತೆ ಸ್ವಲ್ಪ ಇಳಿಯಬೇಕು, ಬಿಸಿ ಕೋಣೆಯಲ್ಲಿ ಅದು ಇಳಿಯುವುದಿಲ್ಲ. ನಸುಕಿನ ನಾಲ್ಕಕ್ಕೆ ಏಳುವ ಯೋಜನೆಯೋ, ಸಿಕ್ಕಷ್ಟು ನಿದ್ದೆಯನ್ನೂ ಇನ್ನಷ್ಟು ಕತ್ತರಿಸುತ್ತದೆ. ಅಮೆರಿಕದ ಪ್ಯಾರಿಸ್ ಐಲೆಂಡ್‌ನಲ್ಲಿ ತರಬೇತಿ ಪಡೆಯುವ ಮರೀನ್ ಸೈನಿಕರನ್ನು ಕುರಿತ ಅಧ್ಯಯನದಲ್ಲಿ, ಶಾಖದಿಂದ ಅಸ್ವಸ್ಥರಾಗುವ ಅಪಾಯವು ಆ ದಿನದ ಹವೆಯ ಮೇಲೆ ಮಾತ್ರವಲ್ಲದೆ ಹಿಂದಿನ ದಿನದ ಹವೆಯ ಮೇಲೂ ನಿಂತಿರುತ್ತದೆ ಎಂದು ಕಂಡುಬಂದಿತು. ಅಂದರೆ ನಿನ್ನೆಯ ಬಿಸಿಲಿನ ಲೆಕ್ಕ ಇಂದಿಗೂ ಚುಕ್ತಾ ಆಗಿರುವುದಿಲ್ಲ.

ಇನ್ನು ನಿಮ್ಮ ಏಳನೆಯ ದಿನದ ಲೆಕ್ಕ. ಅದು ವಾರದ ಲೆಕ್ಕವೇ ಹೊರತು ಮೈಯ ಲೆಕ್ಕವಲ್ಲ. ಬಿಸಿಗೆ ಮೈ ಒಗ್ಗಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕು. ರಕ್ತದಲ್ಲಿ ದ್ರವಾಂಶ ಹೆಚ್ಚುವುದು ಮೊದಲ ಕೆಲವೇ ದಿನಗಳಲ್ಲಿ ಆಗುತ್ತದೆ. ಬೇಗ ಬೆವರಲು, ಹೆಚ್ಚು ಬೆವರಲು ಮತ್ತು ಬೆವರಿನಲ್ಲಿ ಹೋಗುವ ಉಪ್ಪನ್ನು ಉಳಿಸಿಕೊಳ್ಳಲು ಇನ್ನೂ ಸಮಯ ಹಿಡಿಯುತ್ತದೆ. ಆದ್ದರಿಂದ ಎಲ್ಲಕ್ಕಿಂತ ಕಷ್ಟದ ವಾರ ಮೊದಲನೆಯದು, ವಿಪರ್ಯಾಸವೆಂದರೆ ಉತ್ಸಾಹ ಎಲ್ಲಕ್ಕಿಂತ ಹೆಚ್ಚಿರುವುದೂ ಆ ವಾರದಲ್ಲೇ. ಮೊದಲ ಮೂರು ನಾಲ್ಕು ದಿನ ಯೋಜನೆಯ ಅರ್ಧದಷ್ಟು ದೂರವನ್ನು ಮಾತ್ರ ತುಳಿದು, ನಾಲ್ಕನೆಯ ಅಥವಾ ಐದನೆಯ ದಿನವೇ ಮೊದಲ ಬಿಡುವನ್ನು ಇಟ್ಟುಕೊಳ್ಳಿ. ಎರಡನೆಯ ವಾರದ ನಂತರ ಆರು ದಿನಕ್ಕೊಂದು ಬಿಡುವು ಸಾಕಾಗಬಹುದು. ಮೂರನೆಯ ವಾರದ ಸುಮಾರಿಗೆ ಒಂದೇ ಊರಿನಲ್ಲಿ ಎರಡು ದಿನ ಬೆನ್ನುಬೆನ್ನಿಗೆ ನಿಲ್ಲುವುದನ್ನು ನಾನು ಬಲವಾಗಿ ಶಿಫಾರಸು ಮಾಡುತ್ತೇನೆ. ಮೊದಲ ದಿನ ಬರಿಯ ನಿದ್ದೆಗೆ ಹೋಗುತ್ತದೆ, ವಿಶ್ರಾಂತಿ ಎನಿಸುವುದು ಎರಡನೆಯ ದಿನವೇ. ದಿನಾಂಕಗಳನ್ನು ಮಾತ್ರ ಮೊದಲೇ ಬಿಗಿಯಾಗಿ ಕಟ್ಟಿಹಾಕಬೇಡಿ. ಒಟ್ಟು ದಿನಗಳಲ್ಲಿ ಇಷ್ಟು ಬಿಡುವಿಗೆ ಎಂದು ತೆಗೆದಿರಿಸಿ, ವೀಸಾದ ಕೊನೆಯ ದಿನಕ್ಕೂ ಪ್ರವಾಸದ ಕೊನೆಯ ದಿನಕ್ಕೂ ನಡುವೆ ಸಾಕಷ್ಟು ಅಂತರವಿಟ್ಟು, ಎಲ್ಲಿ ನಿಲ್ಲಬೇಕೆಂಬುದನ್ನು ದಾರಿಯಲ್ಲಿ ನಿರ್ಧರಿಸಿ. ಹಾಸಿಗೆಯಿಂದ ಏಳುವ ಮುನ್ನ ನಾಡಿಯನ್ನು ಎಣಿಸಿಕೊಳ್ಳುವ ರೂಢಿ ಮಾಡಿಕೊಂಡರೆ ಆ ನಿರ್ಧಾರ ಸುಲಭವಾಗುತ್ತದೆ: ಎರಡು ಬೆಳಗು ಸತತವಾಗಿ ಅದು ನಿಮ್ಮ ಎಂದಿನ ಎಣಿಕೆಗಿಂತ ಹತ್ತರಷ್ಟು ಹೆಚ್ಚಿದ್ದು, ಊಟ ರುಚಿಸದೆ, ಸಣ್ಣ ಮಾತಿಗೂ ಗೆಳೆಯರ ಮೇಲೆ ಸಿಡುಕುತ್ತಿದ್ದರೆ ಆ ದಿನ ಹೊರಡಬೇಡಿ.

ಪ್ರಶ್ನೆ: ಕಳೆದ ಬೇಸಿಗೆಯ ಪ್ರವಾಸದಲ್ಲಿ ದಿನವೂ ನಸುಕಿನಿಂದ ಹನ್ನೊಂದರವರೆಗೆ ತುಳಿಯುತ್ತಿದ್ದ ನಾವು ಒಂದು ಹಳೆಯ ನಗರದಲ್ಲಿ ವಿಶ್ರಾಂತಿಗೆಂದೇ ಒಂದು ದಿನ ತಂಗಿದೆವು. ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಕೋಟೆ, ಮಾರುಕಟ್ಟೆ, ವಸ್ತುಸಂಗ್ರಹಾಲಯಗಳನ್ನು ಕಾಲ್ನಡಿಗೆಯಲ್ಲಿ ನೋಡಿದೆವು. ಮರುದಿನ ಸೈಕಲ್ ಹತ್ತಿದಾಗ ಇಡೀ ಪ್ರವಾಸದಲ್ಲೇ ಅಷ್ಟು ದಣಿವು ಆಗಿರಲಿಲ್ಲ. ಸೈಕಲನ್ನು ಮುಟ್ಟದ ದಿನ ಇಷ್ಟು ಆಯಾಸವೇಕೆ?

ಉತ್ತರ: ಏಕೆಂದರೆ ಅಂದು ನಿಮಗೆ ಸೈಕಲಿನಿಂದ ಬಿಡುವು ಸಿಕ್ಕಿತು, ಬಿಸಿಲಿನಿಂದ ಸಿಗಲಿಲ್ಲ. ಬೇಸಿಗೆಯ ಪ್ರವಾಸದಲ್ಲಿ ಬಿಡುವು ಬೇಕಿರುವುದು ಮುಖ್ಯವಾಗಿ ಬಿಸಿಲಿನಿಂದ.

ಸೈಕಲ್ ಮೇಲೆ ಗಂಟೆಗೆ ಹದಿನೈದು ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ ಹೋಗುವವರು ತಮ್ಮ ಗಾಳಿಯನ್ನು ತಾವೇ ಮಾಡಿಕೊಳ್ಳುತ್ತಾರೆ. ಆ ಗಾಳಿ ಚರ್ಮದ ಮೇಲಿನ ತೇವದ ಪದರವನ್ನು ಸರಿಸುತ್ತಲೇ ಇರುವುದರಿಂದ ಬೆವರು ಬೇಗ ಆರುತ್ತದೆ. ಕಡಿದಾದ ಏರಿನಲ್ಲಿ ವೇಗ ಕುಸಿದಾಗ, ಅಥವಾ ಸಿಗ್ನಲ್‌ನಲ್ಲಿ ನಿಂತಾಗ, ಒಮ್ಮೆಲೇ ಮೈಯೆಲ್ಲ ಬೆವರು ಇಳಿಯುವುದನ್ನು ನೀವು ಗಮನಿಸಿರುತ್ತೀರಿ. ಬೆವರು ಆಗ ಹೊಸದಾಗಿ ಹುಟ್ಟಿದ್ದೇನಲ್ಲ, ಅಷ್ಟು ಹೊತ್ತೂ ಬರುತ್ತಿದ್ದದ್ದು ಆರುವುದು ನಿಂತಿತು ಅಷ್ಟೆ. ಕಾಲ್ನಡಿಗೆಯಲ್ಲಿ ಆ ಗಾಳಿ ಇಲ್ಲ. ಹಳೆಯ ನಗರದ ಕಲ್ಲು ಹಾಸಿದ ಬೀದಿಗಳು ಹೀರಿಕೊಂಡ ಬಿಸಿಲನ್ನು ಕಾಲಿನ ಕಡೆಯಿಂದಲೂ ಗೋಡೆಗಳ ಕಡೆಯಿಂದಲೂ ಹಿಂದಿರುಗಿಸುತ್ತವೆ. ಇದರ ಮೇಲೆ ಗಡಿಯಾರವನ್ನೂ ನೋಡಿ: ತುಳಿಯುವ ದಿನಗಳಲ್ಲಿ ನೀವು ನಸುಕಿನಿಂದ ಹನ್ನೊಂದರವರೆಗೆ ಹೊರಗಿದ್ದವರು, ಬಿಡುವಿನ ದಿನ ಹತ್ತರಿಂದ ಐದರವರೆಗೆ ಹೊರಗಿದ್ದಿರಿ. ದಿನದ ಗರಿಷ್ಠ ಉಷ್ಣತೆ ಸಾಮಾನ್ಯವಾಗಿ ಮಧ್ಯಾಹ್ನ ಮೂರರ ಆಸುಪಾಸಿಗೆ ಬರುತ್ತದೆ. ಇಡೀ ಪ್ರವಾಸದಲ್ಲಿ ಎಚ್ಚರಿಕೆಯಿಂದ ತಪ್ಪಿಸಿಕೊಂಡು ಬಂದ ಹೊತ್ತನ್ನೇ ವಿಶ್ರಾಂತಿಯ ಹೆಸರಿನಲ್ಲಿ ಹುಡುಕಿಕೊಂಡು ಹೋದಂತಾಯಿತು. ಪೆಡಲ್ ತುಳಿದು ಪಳಗಿದ ಕಾಲುಗಳಿಗೆ ಗಟ್ಟಿ ನೆಲದ ಮೇಲೆ ಗಂಟೆಗಟ್ಟಲೆ ನಿಲ್ಲುವುದೂ ಮೆಟ್ಟಿಲಿಳಿಯುವುದೂ ಒಗ್ಗುವುದಿಲ್ಲ ಎಂಬ ಮಾತು ಬೇರೆ.

ಊರು ನೋಡಬೇಡಿ ಎಂದು ನಾನು ಹೇಳುವುದಿಲ್ಲ. ಅಷ್ಟು ದೂರ ಹೋಗಿ ಕೋಣೆಯ ಗೋಡೆ ನೋಡಿ ಬರುವುದರಲ್ಲಿ ಅರ್ಥವಿಲ್ಲ. ಎಂದಿನಂತೆ ನಸುಕಿನಲ್ಲಿ ಎದ್ದರೆ ಬೀದಿಗಳು ತಂಪಾಗಿರುವ ಎರಡು ಗಂಟೆ ನಿಮ್ಮದು. ಹತ್ತರಿಂದ ಐದರವರೆಗೆ ನೆರಳು, ಸ್ನಾನ, ಊಟ, ನಿದ್ದೆ. ಹೊರಗೆ ಹೋಗಲೇಬೇಕೆನಿಸಿದರೆ ದಪ್ಪ ಗೋಡೆಯ ಅಥವಾ ಹವಾನಿಯಂತ್ರಿತ ಕಟ್ಟಡದೊಳಗೆ. ಮತ್ತೆ ಸೂರ್ಯ ಇಳಿದ ಮೇಲೆ ಒಂದು ಸುತ್ತು. ಕೋಟೆ ನೋಡುವ ಆಸೆ ಬಲವಾಗಿದ್ದರೆ ಅದಕ್ಕೆ ಬೇರೊಂದು ದಿನವನ್ನೇ ಕೊಡಿ, ಆ ದಿನವನ್ನು ವಿಶ್ರಾಂತಿಯ ಲೆಕ್ಕಕ್ಕೆ ಹಿಡಿಯಬೇಡಿ.

ಪ್ರಶ್ನೆ: ಬಿಡುವಿನ ದಿನ ಆರು ಲೀಟರ್ ನೀರು ಕುಡಿದು ದೇಹವನ್ನು ಮರುಪೂರಣ ಮಾಡಿಕೊಳ್ಳಬೇಕು ಎಂದು ಜೊತೆಗಾರರೊಬ್ಬರು ಹೇಳುತ್ತಾರೆ. ಇದು ಸರಿಯೇ?

ಉತ್ತರ: ಸರಿಯಲ್ಲ, ಅಪಾಯಕರವೂ ಆಗಬಹುದು. ಬೆವರಿನಲ್ಲಿ ನೀರಿನೊಂದಿಗೆ ಸೋಡಿಯಂ ಕೂಡ ಹೋಗಿರುತ್ತದೆ. ಅದರ ಪ್ರಮಾಣ ಒಬ್ಬರಿಂದ ಒಬ್ಬರಿಗೆ ಬಹಳ ಬದಲಾಗುತ್ತದೆ. ಅಂಗಿ ಒಣಗಿದ ಮೇಲೆ ಬೆನ್ನಿನ ಮೇಲೆ ಬಿಳಿಯ ಗೆರೆಗಳು ದಟ್ಟವಾಗಿ ಮೂಡುವವರು ಹೆಚ್ಚು ಉಪ್ಪು ಕಳೆದುಕೊಳ್ಳುವವರು. ಹೋದ ಉಪ್ಪನ್ನು ತುಂಬದೆ ಬರಿಯ ನೀರನ್ನೇ ಒತ್ತಾಯದಿಂದ ಕುಡಿಯುತ್ತ ಹೋದರೆ ರಕ್ತದಲ್ಲಿ ಸೋಡಿಯಂ ತೆಳುವಾಗುತ್ತದೆ: ತಲೆನೋವು, ವಾಕರಿಕೆ, ಗೊಂದಲ, ಮಿತಿಮೀರಿದರೆ ಸೆಳವು ಮತ್ತು ಪ್ರಜ್ಞೆ ತಪ್ಪುವುದು. ಈ ಚಿಹ್ನೆಗಳಲ್ಲಿ ಮೊದಲ ಎರಡು ಬಿಸಿಲಿನ ಬಳಲಿಕೆಯಲ್ಲೂ ಬರುವುದರಿಂದ, ನೀರು ಸಾಲದಾಯಿತು ಎಂದು ತಿಳಿದು ಇನ್ನಷ್ಟು ನೀರು ಕುಡಿಸಿ ಅನಾಹುತ ಮಾಡಿಕೊಂಡವರೂ ಇದ್ದಾರೆ.

ಬೇಕಾದದ್ದು ಎಷ್ಟು ಎಂದು ಊಹಿಸಬೇಕಿಲ್ಲ, ತಿಳಿಯಬಹುದು. ತಂಗಿದಲ್ಲಿ ತೂಕದ ಯಂತ್ರ ಸಿಕ್ಕರೆ ತುಳಿಯುವ ಮೊದಲೂ ನಂತರವೂ ತೂಗಿ ನೋಡಿ. ಇಳಿದ ಪ್ರತಿ ಕಿಲೋ ತೂಕಕ್ಕೆ ಒಂದೂಕಾಲರಿಂದ ಒಂದೂವರೆ ಲೀಟರ್ ದ್ರವವನ್ನು, ಒಂದೇ ಸಲಕ್ಕಲ್ಲ, ಮುಂದಿನ ಹಲವು ಗಂಟೆಗಳಲ್ಲಿ ಹಂಚಿ ಕುಡಿಯಬೇಕು. ಯಂತ್ರ ಸಿಗದಿದ್ದರೆ ಮೂತ್ರದ ಬಣ್ಣವನ್ನು ನಂಬಬಹುದು: ತೆಳು ಹಳದಿ ಇದ್ದರೆ ಸಾಕು, ಕಡು ಹಳದಿಯಾದರೆ ಕಡಿಮೆಯಾಗಿದೆ, ನೀರಿನಂತೆ ಬಣ್ಣವೇ ಇಲ್ಲದೆ ಗಳಿಗೆಗೊಮ್ಮೆ ಹೋಗಬೇಕಾದರೆ ಅತಿಯಾಗಿದೆ. ಬಿಡುವಿನ ದಿನ ಊಟದಲ್ಲಿ ಉಪ್ಪು ಎಂದಿಗಿಂತ ತುಸು ಮುಂದಿರಲಿ, ಉಳಿದದ್ದನ್ನು ಬಾಯಾರಿಕೆಯೇ ನೋಡಿಕೊಳ್ಳುತ್ತದೆ. ಬೇಧಿ ಹಿಡಿದಿದ್ದರೆ ಅಥವಾ ಹಿಂದಿನ ದಿನ ವಿಪರೀತ ಬೆವರಿದ್ದರೆ ಓಆರ್‌ಎಸ್ ಪುಡಿ ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಸೂತ್ರದಲ್ಲಿ ಒಂದು ಲೀಟರ್ ನೀರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, ಜೊತೆಗೆ ಪೊಟ್ಯಾಸಿಯಂ ಕ್ಲೋರೈಡ್ ಮತ್ತು ಸಿಟ್ರೇಟ್ ಇರುತ್ತವೆ. ಗ್ಲೂಕೋಸ್ ಇರುವುದು ರುಚಿಗಲ್ಲ. ಕರುಳು ಸೋಡಿಯಂ ಅನ್ನು ಒಳಗೆ ಸೆಳೆದುಕೊಳ್ಳಲು ಅದು ನೆರವಾಗುತ್ತದೆ, ಸೋಡಿಯಂ ಹಿಂದೆ ನೀರು ಹೋಗುತ್ತದೆ. ಆದ್ದರಿಂದ ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿಗೆ ಕಲಸಬೇಕು, ರುಚಿ ನೋಡಿ ಹೆಚ್ಚು ಕಡಿಮೆ ಮಾಡಬಾರದು. ರಕ್ತದೊತ್ತಡಕ್ಕೋ ಮೂತ್ರ ಹೆಚ್ಚಿಸುವುದಕ್ಕೋ ಮಾತ್ರೆ ತೆಗೆದುಕೊಳ್ಳುವವರು ಉಪ್ಪು ನೀರಿನ ಈ ವಿಚಾರವನ್ನು ಹೊರಡುವ ಮೊದಲೇ ತಮ್ಮ ವೈದ್ಯರಲ್ಲಿ ಕೇಳಿಕೊಳ್ಳಬೇಕು. ಅಂಥ ಕೆಲವು ಔಷಧಗಳು ಬಿಸಿ ತಡೆದುಕೊಳ್ಳುವ ಶಕ್ತಿಯನ್ನೇ ತಗ್ಗಿಸುತ್ತವೆ.

ಬಿಡುವಿನ ದಿನದ ಮರುದಿನ ತೂಕ ಒಂದು ಕಿಲೋ ಏರಿದ್ದನ್ನು ಕಂಡು ಗಾಬರಿಯಾದೆ ಎಂದು ಇನ್ನೊಬ್ಬರು ಬರೆದಿದ್ದಾರೆ. ಒಂದು ಗ್ರಾಂ ಗ್ಲೈಕೋಜನ್ ಸುಮಾರು ಮೂರು ಗ್ರಾಂ ನೀರನ್ನು ಜೊತೆಗೆ ಇಟ್ಟುಕೊಳ್ಳುತ್ತದೆ. ನಿಮ್ಮ ದಾಸ್ತಾನು ತುಂಬಿದೆ ಎಂದರ್ಥ. ಊಟ ಕಡಿಮೆ ಮಾಡಬೇಡಿ.

ಪ್ರಶ್ನೆ: ದಿನವಿಡೀ ಏಸಿ ಕೋಣೆಯಲ್ಲಿ ಮಲಗಿದರೆ ಬಿಸಿಲಿಗೆ ಒಗ್ಗಿದ ಮೈ ಮತ್ತೆ ಹಾಳಾಗುವುದಿಲ್ಲವೇ?

ಉತ್ತರ: ಒಂದು ದಿನದಲ್ಲಿ ಆಗುವುದಿಲ್ಲ. ಬಿಸಿಗೆ ಒಗ್ಗಿಕೊಂಡ ಗುಣ ಬಿಸಿಯಿಂದ ದೂರವಾದ ಮೇಲೆ ನಿಧಾನವಾಗಿ, ದಿನಕ್ಕೆ ನೂರಕ್ಕೆ ಎರಡು ಮೂರರ ಲೆಕ್ಕದಲ್ಲಿ ಕರಗುತ್ತದೆ. ಒಳ್ಳೆಯ ನಿದ್ದೆಯಿಂದ ಆಗುವ ಲಾಭ ಅದಕ್ಕಿಂತ ಎಷ್ಟೋ ದೊಡ್ಡದು. ಬಜೆಟ್ ಬಿಗಿಯಾಗಿದ್ದು ಇಡೀ ಪ್ರವಾಸದಲ್ಲಿ ಕೆಲವೇ ರಾತ್ರಿ ತಂಪು ಕೋಣೆಗೆ ಖರ್ಚು ಮಾಡಬಲ್ಲಿರಾದರೆ, ಆ ರಾತ್ರಿಗಳನ್ನು ಬಿಡುವಿನ ದಿನಗಳ ಎರಡೂ ಬದಿಗೆ ಇಡಿ. ಫ್ಯಾನು ಮಾತ್ರ ಇದ್ದರೆ ಮೈಯನ್ನು ಒದ್ದೆ ಮಾಡಿಕೊಂಡು ಅದರ ಕೆಳಗೆ ಮಲಗಿ. ಕಾದ ಗಾಳಿಯನ್ನು ಒಣ ಮೈಗೆ ಬೀಸಿಸಿಕೊಂಡರೆ ಒಲೆಯ ಮುಂದೆ ಕುಳಿತಂತೆಯೇ.

ಪ್ರಶ್ನೆ: ಬರಿಯ ದಣಿವು ಯಾವುದು, ಆಸ್ಪತ್ರೆಗೆ ಹೋಗಬೇಕಾದ ಸ್ಥಿತಿ ಯಾವುದು ಎಂದು ಪರದೇಶದಲ್ಲಿ, ಭಾಷೆ ತಿಳಿಯದ ಊರಿನಲ್ಲಿ ನಿರ್ಧರಿಸುವುದು ಹೇಗೆ?

ಉತ್ತರ: ತಲೆಸುತ್ತು, ವಾಕರಿಕೆ, ಧಾರಾಕಾರ ಬೆವರು, ಸೋತ ಕಾಲು, ಇಷ್ಟಿದ್ದರೂ ಮಾತು ಸ್ಪಷ್ಟವಾಗಿದ್ದರೆ ಅದು ಶಾಖದ ಬಳಲಿಕೆ. ನೆರಳಿಗೆ ಬಂದು, ಕಾಲನ್ನು ಎತ್ತರದಲ್ಲಿಟ್ಟು ಮಲಗಿ, ಮೈಗೆ ನೀರು ಹಾಕಿಕೊಂಡು, ಗುಟುಕು ಗುಟುಕಾಗಿ ಕುಡಿದರೆ ಅರ್ಧ ಗಂಟೆ, ಒಂದು ಗಂಟೆಯಲ್ಲಿ ಸುಧಾರಿಸಬೇಕು. ಸುಧಾರಿಸದಿದ್ದರೆ ವೈದ್ಯರ ಬಳಿ ಹೋಗಿ. ಸುಧಾರಿಸಿದರೂ ಮರುದಿನ ಕಡ್ಡಾಯ ಬಿಡುವು. ಯೋಜನೆಯಲ್ಲಿ ಅದು ಇತ್ತೋ ಇಲ್ಲವೋ ಎಂಬ ಪ್ರಶ್ನೆ ಬರುವುದಿಲ್ಲ.

ಮಾತು ತೊದಲುತ್ತಿದ್ದರೆ, ಊರಿನ ಹೆಸರು ಕೇಳಿದರೆ ತಬ್ಬಿಬ್ಬಾದರೆ, ಹೆಜ್ಜೆ ತಪ್ಪುತ್ತಿದ್ದರೆ, ವಿನಾಕಾರಣ ರೇಗಾಡಿದರೆ ಅದು ಬಿಸಿಲಾಘಾತ. ಆಗ ಮೈಯ ಒಳಗಿನ ಉಷ್ಣತೆ ಸಾಮಾನ್ಯವಾಗಿ 40 ಡಿಗ್ರಿಗಿಂತ ಮೇಲಿರುತ್ತದೆ. ಬಿಸಿಲಾಘಾತವಾದರೆ ಬೆವರು ನಿಂತು ಚರ್ಮ ಒಣಗುತ್ತದೆ ಎಂದು ಅನೇಕರು ನಂಬಿದ್ದಾರೆ. ಶ್ರಮದಿಂದ ಆದ ಬಿಸಿಲಾಘಾತದಲ್ಲಿ ರೋಗಿ ಬೆವರುತ್ತಲೇ ಇರಬಹುದು, ಆದ್ದರಿಂದ ಚರ್ಮವನ್ನಲ್ಲ, ಬುದ್ಧಿ ನೆಟ್ಟಗಿದೆಯೇ ಎಂಬುದನ್ನು ನೋಡಬೇಕು. ತುರ್ತು ಸಹಾಯಕ್ಕೆ ಕರೆ ಮಾಡಿದ ಕೂಡಲೇ, ವಾಹನ ಬರುವವರೆಗೆ ಕಾಯದೆ, ಸಿಕ್ಕ ತೊಟ್ಟಿ, ಕಾಲುವೆ, ನಲ್ಲಿ, ಐಸ್ ಯಾವುದರಿಂದಲಾದರೂ ಇಡೀ ಮೈಯನ್ನು ತಣ್ಣಗೆ ಮಾಡಲು ಆರಂಭಿಸಬೇಕು. ತಲೆಯನ್ನು ಮಾತ್ರ ನೀರಿನ ಮೇಲೆ ಹಿಡಿದಿರಬೇಕು. ಅರೆಪ್ರಜ್ಞೆಯಲ್ಲಿರುವವರ ಬಾಯಿಗೆ ನೀರು ಹಾಕಬಾರದು. ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡುವುದಿಲ್ಲ. ಆ ದೇಶದ ತುರ್ತು ಕರೆಯ ಸಂಖ್ಯೆ, ವಿಮೆಯ ಕಾಗದದ ಚಿತ್ರ, ತೆಗೆದುಕೊಳ್ಳುವ ಔಷಧಗಳ ಹೆಸರು, ಇವು ಇಬ್ಬರ ಫೋನಿನಲ್ಲೂ ಇರಲಿ. ಜ್ವರ ಬಂದ ದಿನ, ಬೇಧಿ ಆಗುತ್ತಿರುವ ದಿನ ಬಿಸಿಲಿಗೆ ಇಳಿಯಲೇಬಾರದು.

ಪ್ರಶ್ನೆ: ಬಿಡುವಿನ ದಿನ ಸೈಕಲಿಗೆ ಏನೇನು ಮಾಡಬೇಕು?

ಉತ್ತರ: ಮುಕ್ಕಾಲು ಗಂಟೆಗಿಂತ ಹೆಚ್ಚೇನೂ ಮಾಡಬೇಡಿ, ಅದನ್ನೂ ಬೆಳಗ್ಗೆಯೇ ಮುಗಿಸಿ. ರಿಪೇರಿ ಅಂಗಡಿಗೆ ಹೋಗಬೇಕಾಗಿ ಬಂದರೆ ಅದು ತೆರೆದಿರುವಾಗಲೇ ಗೊತ್ತಾಗಬೇಕು. ವಾರದ ರಜೆಯ ದಿನ ಎಲ್ಲ ದೇಶಗಳಲ್ಲೂ ಒಂದೇ ಅಲ್ಲ ಎಂಬುದನ್ನು ಬಿಡುವಿನ ದಿನ ಆರಿಸುವಾಗಲೇ ನೋಡಿಕೊಳ್ಳಿ. ಒಣ ಹವೆಯಲ್ಲಿ ಚೈನಿಗೆ ಧೂಳೇ ಶತ್ರು. ಹಳೆಯ ಎಣ್ಣೆಯ ಮೇಲೆ ಹೊಸ ಎಣ್ಣೆ ಸುರಿದರೆ ಧೂಳಿನೊಂದಿಗೆ ಸೇರಿ ಅರೆಯುವ ಹಿಟ್ಟಾಗುತ್ತದೆ, ಆದ್ದರಿಂದ ಮೊದಲು ಬಟ್ಟೆಯಿಂದ ಚೆನ್ನಾಗಿ ಒರೆಸಿ, ಒಂದೊಂದು ಕೊಂಡಿಗೂ ಒಂದೊಂದು ಹನಿ ಎಣ್ಣೆ ಬಿಟ್ಟು, ಹೊರಗೆ ಉಳಿದದ್ದನ್ನು ಮತ್ತೆ ಒರೆಸಿ ತೆಗೆಯಬೇಕು. ಟೈರಿನ ಮೈಯನ್ನು ಬೆರಳಿನಿಂದ ಸವರಿ ಹೊಕ್ಕ ಗಾಜು, ಮುಳ್ಳು, ತಂತಿ ಚೂರುಗಳನ್ನು ಕಿತ್ತು ಹಾಕಿ. ಟ್ಯೂಬ್ ಇಲ್ಲದ ಟೈರುಗಳಾಗಿದ್ದರೆ ಒಳಗಿನ ಸೀಲೆಂಟ್, ಅಂದರೆ ತೂತು ಮುಚ್ಚುವ ದ್ರವ, ಬಿಸಿಗೆ ಬೇಗ ಒಣಗುತ್ತದೆ, ಅಲುಗಾಡಿಸಿ ನೋಡಿ. ಬ್ರೇಕ್ ಪ್ಯಾಡ್, ಕ್ಯಾರಿಯರ್ ಬೋಲ್ಟುಗಳು, ಸಡಿಲವಾದ ಸ್ಪೋಕ್, ಇಷ್ಟು ಸಾಕು. ಚೆನ್ನಾಗಿ ನಡೆಯುತ್ತಿರುವ ಗೇರನ್ನು ಬಿಡುವು ಸಿಕ್ಕಿತೆಂದು ಬಿಚ್ಚುವುದು ಬೇಡ.

ಸೈಕಲಿಗಿಂತ ಮುಖ್ಯವಾದದ್ದು ಸೀಟಿನ ಮೇಲೆ ಕೂರುವ ಚರ್ಮ. ಪ್ಯಾಡ್ ಇರುವ ಚಡ್ಡಿಗಳನ್ನೆಲ್ಲ ಸೋಪು ಹಾಕಿ ಒಗೆದು, ಒಳಮಗ್ಗಲು ಹೊರಕ್ಕೆ ತಿರುಗಿಸಿ, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ. ಅಂದು ಸಡಿಲವಾದ ಹತ್ತಿಯ ಬಟ್ಟೆ ಮಾತ್ರ ತೊಡಿ. ತೊಡೆಯ ಸಂದಿಯಲ್ಲಿ ಕೆಂಪಾದ ಗುಳ್ಳೆ ಎದ್ದಿದ್ದರೆ ಹಿಸುಕಬೇಡಿ. ಅದು ಗಟ್ಟಿಯಾಗಿ ಊದಿ ನೋಯುತ್ತಿದ್ದರೆ ಬಿಡುವನ್ನು ಇನ್ನೊಂದು ದಿನ ಮುಂದುವರಿಸಿ.

ಪ್ರಶ್ನೆ: ವೃತ್ತಿಪರ ಸ್ಪರ್ಧಿಗಳು ಬಿಡುವಿನ ದಿನವೂ ಸೈಕಲ್ ತುಳಿಯುತ್ತಾರಂತೆ. ನಾವೂ ಸ್ವಲ್ಪ ತುಳಿಯಬೇಕೇ?

ಉತ್ತರ: ಟೂರ್ ಡಿ ಫ್ರಾನ್ಸ್‌ನ ಇಪ್ಪತ್ತೊಂದು ಹಂತಗಳ ನಡುವೆ ಸಾಮಾನ್ಯವಾಗಿ ಎರಡು ಬಿಡುವಿನ ದಿನಗಳಿರುತ್ತವೆ, ಆ ದಿನಗಳಲ್ಲೂ ಸ್ಪರ್ಧಿಗಳು ಒಂದೆರಡು ಗಂಟೆ ಹಗುರವಾಗಿ ತುಳಿಯುವುದು ನಿಜ. ಮರುದಿನ ಮೊದಲ ಏರಿನಲ್ಲೇ ಪೂರ್ತಿ ಬಲ ಹಾಕಬೇಕಾದವರ ಕಾಲು ಜಡವಾಗಬಾರದು ಎಂಬುದು ಅದರ ಉದ್ದೇಶ. ಅವರ ಸಾಮಾನು ಸಾಗಿಸಲು, ಅಡುಗೆ ಮಾಡಲು, ಮೈ ತಿಕ್ಕಲು ಬೇರೆ ಬೇರೆ ಜನರಿರುತ್ತಾರೆ. 1903ರ ಮೊದಲ ಟೂರ್‌ನಲ್ಲಿ 2,428 ಕಿಲೋಮೀಟರನ್ನು ಆರೇ ಹಂತಗಳಲ್ಲಿ ಮುಗಿಸಿದಾಗ ಒಂದೊಂದು ಹಂತದ ನಡುವೆಯೂ ಬಿಡುವಿನ ದಿನಗಳಿದ್ದವು ಎಂಬುದನ್ನು ನಿಮ್ಮ ಜೊತೆಗಾರರಿಗೆ ತಿಳಿಸಬಹುದು. ಪ್ರವಾಸಿಗರಿಗೆ ಇಂಥ ಕಟ್ಟುಪಾಡೇನೂ ಇಲ್ಲ. ನಸುಕಿನ ತಂಪಿನಲ್ಲಿ, ಸಾಮಾನು ಇಳಿಸಿದ ಸೈಕಲ್ ಮೇಲೆ, ಮಾತಾಡಿಕೊಂಡು ಹೋಗಬಹುದಾದ ವೇಗದಲ್ಲಿ ಅರ್ಧ ಗಂಟೆ ಸುತ್ತಿಬಂದರೆ ಕಾಲಿಗೆ ಹಿತವೆನಿಸುತ್ತದೆ. ಚೈನಿನ ಕೆಲಸ ಸರಿಯಾಗಿದೆಯೇ ಎಂಬುದೂ ತಿಳಿಯುತ್ತದೆ. ಏಳುವ ಮನಸ್ಸಾಗದಿದ್ದರೆ ಮಲಗಿರಿ.